ರೆಸಿನ್ ಸೆಂಚುರಿಯನ್: ಬಾಗಿದ ಬ್ಯಾರೆಲ್, ಸಿಪ್ಪೆ ಏಳುವ ಪ್ರೈಮರ್

ಗೋಲಿಸೋಡಾ_ಬಸವನಗುಡಿ
1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕದನವನ್ನು ಮೇಜಿನ ಮೇಲೆ ಆಡೋ ಆಟಕ್ಕೆ 1:100 ಅಳತೆಯ ಐದು ಸೆಂಚುರಿಯನ್ ಟ್ಯಾಂಕ್ ಮಾದರಿಗಳಿವೆ, ಎಲ್ಲವೂ ಅಚ್ಚಿಗೆ ಹೊಯ್ದ ರೆಸಿನ್ (ಗಟ್ಟಿಯಾಗುವ ಒಂದು ಬಗೆಯ ಪ್ಲಾಸ್ಟಿಕ್). ಮೂರರ ಬ್ಯಾರೆಲ್ (ತೋಪಿನ ನಳಿಗೆ) ನುಗ್ಗೆಕಾಯಿ ಥರ ಬಾಗಿದೆ. ಚಕ್ರಗಳ ಅಂಚಲ್ಲಿ ಗಾಳಿಗುಳ್ಳೆಯ ತೂತುಗಳಿವೆ. ಒಂದಕ್ಕೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಕೋಟ್) ಹೊಡೆದು ಮಾಸ್ಕಿಂಗ್ ಟೇಪ್ ಕಿತ್ತರೆ ಪ್ರೈಮರ್ ಹಾಳೆಯಾಗಿ ಎದ್ದು ಬಂತು. ಎಲ್ಲಾ ತೆಗೆದು ಮತ್ತೆ ಶುರು ಮಾಡಬೇಕಾ?

ಮರಳುಕಾಗದ
ಆ ಒಂದಕ್ಕೆ ಹೌದು, ಬೇರೆ ದಾರಿ ಇಲ್ಲ. ಅಚ್ಚಿಂದ ಸುಲಭವಾಗಿ ಬಿಟ್ಟುಕೊಳ್ಳಲಿ ಅಂತ ಹಚ್ಚುವ ಜಿಡ್ಡು ಇನ್ನೂ ಮೈಮೇಲಿದೆ, ಪ್ರೈಮರ್ ಹಿಡಿದಿರೋದು ಆ ಜಿಡ್ಡನ್ನು, ರೆಸಿನ್ನನ್ನಲ್ಲ. ಎದ್ದಷ್ಟನ್ನು ಟೇಪಿಂದಲೇ ಕಿತ್ತುಬಿಡಿ. ಆಮೇಲೆ ಐದನ್ನೂ ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ವಿಮ್ ಲಿಕ್ವಿಡ್‌ನಲ್ಲಿ ಹತ್ತು ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಚಕ್ರಗಳ ಸಂದು, ಟರೆಟ್ (ತೋಪು ಕೂರೋ ತಿರುಗುವ ಮೇಲ್ಭಾಗ) ತಳ ಮರೆಯಬೇಡಿ, ಜಿಡ್ಡು ಕೂರೋದು ಅಲ್ಲೇ. ಬೋರ್‌ವೆಲ್ ನೀರಾದರೆ ಕೊನೆಯ ಸಲ ಫಿಲ್ಟರ್ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಮುತ್ತಿನ ಹಾಗೆ ನಿಂತರೆ ಇನ್ನೊಂದು ಸಲ ತೊಳೆಯಬೇಕು, ಹರಡಿಕೊಂಡರೆ ಸಾಕು.

ಬ್ಯಾರೆಲ್‌ಗೆ ಸುಮಾರು 70 ಡಿಗ್ರಿ ನೀರು, ಅರ್ಧ ನಿಮಿಷ. ಸಮತಟ್ಟಾದ ಟೈಲ್ಸ್ ಮೇಲಿಟ್ಟು ಬೆರಳಿಂದ ಉರುಳಿಸಿ ನೇರ ಮಾಡಿ, ಹಿಡಿದುಕೊಂಡೇ ತಣ್ಣೀರಿಗೆ ಅದ್ದಿ. ಕುದಿಯೋ ನೀರು ಬೇಡ, ತೆಳು ಭಾಗಗಳು ಸೊಟ್ಟಗಾಗುತ್ತವೆ.

ಹಿತ್ತಾಳೆ_ತಂತಿ
ಬಿಸಿನೀರಿನ ಉಪಾಯ ಶೋಕೇಸ್‌ಗೆ ಸರಿ ಸಾರ್. ಆಡೋ ಟ್ಯಾಂಕಾದರೆ ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಬಿಟ್ಟರೆ ಸಾಕು, ಮತ್ತೆ ಬಾಗುತ್ತೆ. ಜೊತೆಗೆ ಎಲ್ಲರೂ ಬ್ಯಾರೆಲ್ ಹಿಡಿದೇ ಟ್ಯಾಂಕ್ ಎತ್ತುತ್ತಾರೆ, ಎಷ್ಟು ಹೇಳಿದರೂ ಕೇಳಲ್ಲ! ಬಾಗಿದ ಮೂರಕ್ಕೂ 1.5 ಮಿ.ಮೀ. ಹಿತ್ತಾಳೆ ಕೊಳವೆ ಹಾಕಿಬಿಡಿ. 84 ಮಿ.ಮೀ. ತೋಪಿನ ಬಾಯಿ ಈ ಅಳತೆಯಲ್ಲಿ ಬರೀ 0.84 ಮಿ.ಮೀ., ಹಾಗಾಗಿ ಕೊಳವೆಯ ತೂತು ಆದಷ್ಟೂ ಸಣ್ಣದಿರಲಿ. ನೇರ ಇರೋ ಬ್ಯಾರೆಲ್‌ನ ಉದ್ದ ಅಳೆದುಕೊಂಡ ಮೇಲೇ ಹಳೇದನ್ನು ಕತ್ತರಿಸಿ. ಈ 84 ಮಿ.ಮೀ. ತೋಪಿಗೆ ಇಪ್ಪತ್ತು ಪೌಂಡರ್ ಅಂತಾರೆ; ಅದರ ಎ ಮಾದರಿಯಲ್ಲಿ ನಡುವೆ ಉಬ್ಬಿಲ್ಲ, ಬಿ ಮಾದರಿಯಲ್ಲಿ ಹೊಗೆ ಹೀರುವ ಉಬ್ಬಿದೆ. ನಿಮ್ಮದರಲ್ಲಿ ಇದ್ದರೆ ಎಂಸೀಲ್ ಸುತ್ತಿ ತಿದ್ದಬಹುದು.

ಟರೆಟ್ ಕಡೆ ಕೊಳವೆ ಕೂರಿಸಲು ಮೊದಲು 0.8 ಮಿ.ಮೀ. ಡ್ರಿಲ್ ಬಿಟ್ಟಲ್ಲಿ ಸಣ್ಣ ತೂತು, ಆಮೇಲೆ 1.5ಕ್ಕೆ ಹಿಗ್ಗಿಸಿ, 4 ಮಿ.ಮೀ. ಆಳ ಸಾಕು. ಬಿಟ್ ಎಸ್.ಪಿ. ರೋಡಲ್ಲಿ ಸರ್ಕ್ಯೂಟ್ ಬೋರ್ಡ್ ಸಾಮಾನು ಮಾರೋ ಕಡೆ ಕೇಳಿ. ಕಾರ್ಬೈಡ್ ಬೇಡ, ಕೈ ಸ್ವಲ್ಪ ವಾಲಿದರೂ ಪಟ್ ಅಂತ ಮುರಿಯುತ್ತೆ. ಹೈಸ್ಪೀಡ್ ಸ್ಟೀಲ್ ಬಿಟ್ಟನ್ನು ಪಿನ್ ವೈಸ್‌ಗೆ (ಬೆರಳಲ್ಲಿ ತಿರುಗಿಸೋ ಪುಟ್ಟ ಕೈ ಡ್ರಿಲ್) ಹಾಕಿ ನಿಧಾನ ತಿರುಗಿಸಿ. ಪ್ಲಾಸ್ಟಿಕ್ ಸಿಮೆಂಟ್ ರೆಸಿನ್ನಿಗೆ ಹಿಡಿಯಲ್ಲ, ಫೆವಿಕ್ವಿಕ್ಕೇ ಬೇಕು.

ಗೋಲಿಸೋಡಾ_ಬಸವನಗುಡಿ
ಚಕ್ರಗಳ ತೂತುಗಳಿಗೂ ಎಂಸೀಲೇನಾ? ಮತ್ತೆ ಈ ಮಳೆಯಲ್ಲಿ ಸ್ಪ್ರೇ ಮಾಡಬಹುದಾ?

ಮರಳುಕಾಗದ
ಸೂಜಿಮೊನೆಯಷ್ಟರದ್ದಕ್ಕೆ ಫೆವಿಕ್ವಿಕ್ ಹನಿ, ಮೇಲೆ ಚಿಟಿಕೆ ಅಡುಗೆಸೋಡ. ತಕ್ಷಣ ಉಜ್ಜಿಬಿಡಿ, ರಾತ್ರಿ ಬಿಟ್ಟರೆ ಅದು ರೆಸಿನ್ನಿಗಿಂತ ಗಟ್ಟಿಯಾಗಿ, ಸುತ್ತಲಿನ ರೆಸಿನ್ ಸವೆದು ಗುಬುಟು ಉಳಿಯುತ್ತೆ. ದೊಡ್ಡದಕ್ಕೆ ಎಂಸೀಲ್. 400 ನಂಬರ್ ವಾಟರ್ ಪೇಪರ್ ಒದ್ದೆ ಮಾಡಿಕೊಂಡೇ ಉಜ್ಜಿ, ಎನ್95 ಮಾಸ್ಕ್ ಇರಲಿ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಮಳೆ ಹಿಡಿದುಕೊಂಡಿರುವಾಗ ಸ್ಪ್ರೇ ಬೇಡ, ತೇವಕ್ಕೆ ಮಂಜು ಕವಿದ ಹಾಗೆ ಬಿಳಿಚುತ್ತೆ. ಮಧ್ಯಾಹ್ನ ಬಿಡುವು ಕೊಟ್ಟಾಗ ಕ್ಯಾನನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿಟ್ಟು, 20-25 ಸೆಂ.ಮೀ. ದೂರದಿಂದ ಎರಡು ತೆಳು ಕೋಟ್ ಹೊಡೆಯಿರಿ. ಜೆ.ಸಿ. ರೋಡಿನ ಬೂದು ಕಾರ್ ಪ್ರೈಮರ್ ರೆಸಿನ್ನಿಗೆ ನಡೆಯುತ್ತೆ. ಚೈನ್ ಭಾಗ ಬೇರೆ ಪ್ಲಾಸ್ಟಿಕ್ಕಲ್ಲಿ ಬಂದಿದ್ದರೆ ಒಳಬದಿಗೆ ಹೊಡೆದು ನೋಡಿ, ಪ್ರೈಮರ್‌ನ ಥಿನ್ನರ್ ಆ ಪ್ಲಾಸ್ಟಿಕ್ಕನ್ನು ಕರಗಿಸಬಹುದು.

ಹಿತ್ತಾಳೆ_ತಂತಿ
ಟರೆಟ್‌ಗೆ 3×1 ಮಿ.ಮೀ. ಮ್ಯಾಗ್ನೆಟ್ ಕೂರಿಸೋದಾದರೆ ಪ್ರೈಮರ್‌ಗೆ ಮುಂಚೆಯೇ. ಅಂಟಿಸೋ ಮೊದಲು ಯಾವ ಮುಖ ಯಾವುದಕ್ಕೆ ಅಂತ ಮಾರ್ಕರ್‌ನಲ್ಲಿ ಚುಕ್ಕಿ ಹಾಕಿ. ಐದು ಟ್ಯಾಂಕಿಗೂ ಒಂದೇ ದಿಕ್ಕು ಇಟ್ಟರೆ ಟರೆಟ್ ಅದಲುಬದಲಾದರೂ ಕೂರುತ್ತೆ.