ಗೌಡರ ಕಲ್ಲಿಗೆ ಗುರುಬಲ

ಹೆರಿಗೆ ಆಸ್ಪತ್ರೆಯಿಂದ ಮೊಮ್ಮಗನನ್ನು ಮನೆಗೆ ತರುವಷ್ಟು ಜೋಪಾನವಾಗಿ ಗೌಡರು ಟವೆಲಿನ ಗಂಟೊಂದನ್ನು ಅಕ್ಕಸಾಲಿ ಪತ್ತಾರರ ಶೋಕೇಸಿನ ಮೇಲೆ ಇಳಿಸಿದಾಗ, ನಾವು ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಬದಿಗೆ ಸರಿಸಿ ಬಾಗಿ ನೋಡಿದೆವು. ಲಿಂಗಸುಗೂರಿನ ಬೇಸಿಗೆಯಲ್ಲಿ ಸಂಜೆ ಆರಕ್ಕೂ ಕಟ್ಟೆಯ ಕಲ್ಲು ಕಾದ ಹಂಚಿನಂತಿರುವುದರಿಂದ ನಮ್ಮ ಸಭೆ ಪತ್ತಾರರ ಫ್ಯಾನಿನ ಕೆಳಗೆ ಸೇರುವುದು ವಾಡಿಕೆ. ಹಟ್ಟಿ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದಡಿ ದುಡಿದು ನಿವೃತ್ತರಾದ ಮಿಸ್ತ್ರಿಗಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು, ಹಾಗೂ ನಿವೃತ್ತನಾಗಬೇಕಾದರೆ ಮೊದಲು ಏನಾದರೂ ಕೆಲಸ ಮಾಡಿರಬೇಕೆಂದು ಮನೆಯಲ್ಲಿ ಬೈಸಿಕೊಳ್ಳುವ ನಾನು ಈ ಸಭೆಯ ಕಾಯಂ ಸದಸ್ಯರು.

ಗಂಟು ಬಿಚ್ಚಿದರೆ ಒಳಗೆ ಅಂಗೈಯಗಲದ ಕಲ್ಲೊಂದಿತ್ತು. ಅದರ ಮೈತುಂಬ ಕಿತ್ತಳೆ ಬಣ್ಣದ ಹರಳುಗಳು ಹಲ್ಲಿನ ಸಾಲಿನಂತೆ ಒತ್ತೊತ್ತಾಗಿ ನಿಂತಿದ್ದವು.

"ಸಿಟ್ರಿನ್," ಎಂದರು ಗೌಡರು. "ಅರ್ಧ ಕಿಲೋ ತೂಕ, ನಾಲ್ಕೂವರೆ ಸಾವಿರ ರೂಪಾಯಿ. ಕೊಸರಿಗೆಂದು ಇನ್ನೊಂದು ಕಲ್ಲನ್ನೂ ಕೊಟ್ಟ, ಆದರೆ ಅದು ನಾಲ್ಕು ಜನರಿಗೆ ತೋರಿಸುವಂಥದ್ದಲ್ಲ."

ಹಿನ್ನೆಲೆ ನಮಗೆ ಗೊತ್ತಿತ್ತು. ಗೌಡರ ಮಗನಿಗೆ ಗುರುಬಲವಿಲ್ಲವೆಂದೂ, ಪುಷ್ಯರಾಗ, ಅಂದರೆ ಹಳದಿ ನೀಲಮಣಿ, ಧರಿಸಿದರೆ ಕನ್ಯೆ ತಾನಾಗಿ ಒಲಿದು ಬರುವಳೆಂದೂ ಜ್ಯೋತಿಷಿಗಳು ಹೇಳಿದ್ದರು. ಪುಷ್ಯರಾಗದ ಬೆಲೆ ಕೇಳಿ ಗೌಡರಿಗೇ ಬಲ ಕುಸಿದಾಗ, ಅದರ ಬದಲಿಗೆ ಸುನೆಲಾ ಎಂಬ ಕಲ್ಲೂ ನಡೆಯುತ್ತದೆ ಎಂದು ರಿಯಾಯಿತಿ ತೋರಿಸಿದ್ದರು. ಸುನೆಲಾ ಎಂದರೆ ಸಿಟ್ರಿನ್. ಸಾಣೆ ಹಿಡಿದ ಹರಳಿನಲ್ಲಿ ಮೋಸವಿರುತ್ತದೆ, ನೆಲದಿಂದ ಅಗೆದ ಕಚ್ಚಾ ಕಲ್ಲಿನಲ್ಲಿ ಯಾವ ಮಗನೂ ಮೋಸ ಮಾಡಲಾರ ಎಂಬುದು ಗೌಡರ ಸಿದ್ಧಾಂತ. ದೂರದ ಊರಿನ ಜಾತ್ರೆಯೊಂದರಲ್ಲಿ ಆ ಸಿದ್ಧಾಂತವನ್ನು ಅವರು ಆಚರಣೆಗೆ ತಂದಿದ್ದರು.

ಮಿಸ್ತ್ರಿಗಳು ಕಲ್ಲನ್ನು ಎತ್ತಿ, ತಟ್ಟೆಯಲ್ಲಿದ್ದ ಮಿರ್ಚಿಯ ಪಕ್ಕಕ್ಕೆ ಹಿಡಿದರು. ಎರಡರ ಬಣ್ಣವೂ ಒಂದೇ ಇತ್ತು.

"ಗೌಡರೇ, ಇದು ಬೆಣಚುಕಲ್ಲು ಎಂಬುದರಲ್ಲಿ ಸಂಶಯವಿಲ್ಲ," ಎಂದರು.

"ಬೆಣಚುಕಲ್ಲೇ? ನಮ್ಮ ಹೊಲದ ಬದುವಿನಲ್ಲಿ ಎತ್ತಿನ ಕಾಲಿಗೆ ಚುಚ್ಚುತ್ತದಲ್ಲ, ಅದೇ?" ಗೌಡರ ಧ್ವನಿ ಒಡೆಯಿತು.

"ಅದೇ ಕುಲ. ಹಟ್ಟಿಯಲ್ಲಿ ಚಿನ್ನ ಅಡಗಿರುವುದೂ ಬೆಣಚಿನ ಪಟ್ಟೆಗಳಲ್ಲಿಯೇ. ಬಣ್ಣವಿಲ್ಲದೆ ಪಾರದರ್ಶಕವಾಗಿದ್ದರೆ ಸ್ಫಟಿಕ, ನೇರಳೆಯಾಗಿದ್ದರೆ ಅಮೆಥಿಸ್ಟ್, ಹಳದಿಯಾಗಿದ್ದರೆ ಸಿಟ್ರಿನ್. ಆದರೆ ಈ ಕಲ್ಲು ಹುಟ್ಟುವಾಗ ಹಳದಿಯಾಗಿರಲಿಲ್ಲ. ಇದನ್ನು ಹುರಿದಿದ್ದಾರೆ."

ಕಡಲೆ, ಶೇಂಗಾ, ಜೋಳದ ಅರಳು ಇವನ್ನು ಹುರಿಯುವುದು ನಮಗೆ ಗೊತ್ತಿತ್ತು. ಕಲ್ಲನ್ನು ಹುರಿಯುತ್ತಾರೆ ಎಂಬ ಮಾತನ್ನು ನಂಬುವುದು ಹೇಗೆ? ಆಗ ಪತ್ತಾರರು, ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಪಾಪವೊಂದನ್ನು ಒಪ್ಪಿಕೊಂಡರು. ಅವರು ಹೊಸದಾಗಿ ಅಂಗಡಿ ತೆರೆದಿದ್ದಾಗ ಗಿರಾಕಿಯೊಬ್ಬರ ನೇರಳೆ ಕಲ್ಲಿನ ಉಂಗುರ ಬಿರುಕು ಬಿಟ್ಟಿತ್ತಂತೆ. ಕಲ್ಲನ್ನು ಬಿಚ್ಚುವ ಸೋಮಾರಿತನಕ್ಕೆ ಹಾಗೆಯೇ ಬೆಸುಗೆ ಹಾಕಲು ಉರಿ ಊದಿದ್ದಾರೆ. ಆರಿದ ಮೇಲೆ ನೋಡಿದರೆ ನೇರಳೆ ಮಾಯವಾಗಿ ಕಂದು ಹಳದಿ ಬಣ್ಣ ಕುಳಿತಿತ್ತು. "ಗಿರಾಕಿ ಬಂದು, ಇದು ನನ್ನ ಉಂಗುರವಲ್ಲ ಎಂದರು. ನಿಮ್ಮದೇ ಯಜಮಾನರೇ, ಶನಿ ಬಿಟ್ಟುಹೋಗಿ ಗುರು ಬಂದಿದ್ದಾನೆ ಎಂದೆ. ಕೈಮುಗಿದು ಹೋದರು," ಎಂದು ಪತ್ತಾರರು ತಲೆ ತಗ್ಗಿಸಿದರು. ಆ ಗಿರಾಕಿಗೆ ಮುಂದೆ ಒಳ್ಳೆಯದಾಯಿತೇ ಎಂದು ಗೌಡರು ಆಸೆಯಿಂದ ಕೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾಸ್ತರರಿಗೆ ಈಗ ತರಗತಿ ಸಿಕ್ಕಂತಾಯಿತು. ಅಮೆಥಿಸ್ಟಿನ ನೇರಳೆ ಬಣ್ಣಕ್ಕೆ ಅದರೊಳಗಿನ ಅತ್ಯಲ್ಪ ಕಬ್ಬಿಣವೂ ಭೂಮಿಯ ಸಹಜ ವಿಕಿರಣವೂ ಕಾರಣವೆಂದೂ, ಕುಲುಮೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ನೇರಳೆ ಅಳಿದು ಅದೇ ಕಬ್ಬಿಣ ಹಳದಿ, ಕಿತ್ತಳೆ, ಕಂದು ಬಣ್ಣಗಳನ್ನು ತೋರುತ್ತದೆಂದೂ, ದಕ್ಷಿಣ ಬ್ರೆಜಿಲಿನ ರಿಯೋ ಗ್ರಾಂಡೆ ದೊ ಸುಲ್ ಪ್ರಾಂತದಲ್ಲಿ ಅಗೆಯುವ ಅಮೆಥಿಸ್ಟ್ ಹೀಗೆ ಹುರಿಸಿಕೊಂಡು ಸಿಟ್ರಿನ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಸುತ್ತುತ್ತದೆಂದೂ, ಪೇಟೆಯಲ್ಲಿ ಕಾಣುವ ಸಿಟ್ರಿನ್‌ನಲ್ಲಿ ಬಹುಪಾಲು ಇದೇ ಎಂದೂ ಅವರು ಒಂದೇ ಉಸಿರಿನಲ್ಲಿ ಹೇಳಿ ನೀರು ಕುಡಿದರು.

"ಹುರಿದದ್ದು ಎಂದು ಕಣ್ಣಿನಲ್ಲೇ ಹೇಗೆ ಹೇಳುತ್ತೀರಿ? ನೀವು ಅಲ್ಲಿ ಇದ್ದಿರೇನು?" ಎಂದು ಗೌಡರು ಮಿಸ್ತ್ರಿಗಳನ್ನು ಸವಾಲಿಗೆಳೆದರು.

ಮಿಸ್ತ್ರಿಗಳು ಪತ್ತಾರರ ಭೂತಗನ್ನಡಿಯನ್ನು ಗೌಡರ ಕೈಗಿತ್ತು, ಒಂದು ಹರಳನ್ನು ತುದಿಯಿಂದ ಬುಡದವರೆಗೆ ನೋಡಿರೆಂದರು. ತುದಿಯಲ್ಲಿ ಸುಟ್ಟ ಬೆಲ್ಲದಂಥ ಗಾಢ ಬಣ್ಣ, ಅರ್ಧ ಇಳಿಯುವಷ್ಟರಲ್ಲಿ ಅದು ತೆಳುವಾಗಿ, ಬುಡದಲ್ಲಿ ಮೂಲಂಗಿಯ ಬಿಳುಪು. ಅಮೆಥಿಸ್ಟ್ ಹರಳುಗಳು ಲಾವಾರಸದ ಕರಿಗಲ್ಲಿನ ಪೊಟರೆಗಳಲ್ಲಿ, ದಾಳಿಂಬೆಯನ್ನು ಇಬ್ಭಾಗ ಮಾಡಿದರೆ ಕಾಳುಗಳು ಕಾಣುವ ಹಾಗೆ, ಒಳಮುಖವಾಗಿ ಕಿಕ್ಕಿರಿದು ಬೆಳೆಯುತ್ತವೆ. ಅವುಗಳ ಬುಡ ಹಾಲಿನಂತಿದ್ದು ನೇರಳೆ ಬಣ್ಣ ತುದಿಯಲ್ಲಿ ಕೂಡುವುದರಿಂದ, ಕಾಯಿಸಿದ ಮೇಲೆ ಕಿತ್ತಳೆಯೂ ತುದಿಯಲ್ಲೇ ಉಳಿಯುತ್ತದೆ. ಹರಳುಗಳಿಗೆ ಉದ್ದವಾದ ಮೈಯೇ ಇಲ್ಲದೆ ಬರೀ ಚೂಪು ತಲೆಗಳು ಒತ್ತಿಕೊಂಡು ನಿಂತಿರುವುದು, ಬುಡದ ಬಿಳುಪು, ತುದಿಯ ಕೆಂಪು ಛಾಯೆ, ಈ ಮೂರೂ ಒಂದೇ ಕಲ್ಲಿನಲ್ಲಿ ಕಂಡರೆ ಅದು ಕುಲುಮೆ ಕಂಡ ಕಲ್ಲು ಎಂದು ಬಹುಮಟ್ಟಿಗೆ ನಿರ್ಧರಿಸಬಹುದು. ರೊಟ್ಟಿಯ ಮೇಲಿನ ಕಪ್ಪು ಚುಕ್ಕೆ ನೋಡಿ ಅದು ಹಂಚಿನ ಮೇಲೆ ಬಿದ್ದಿತ್ತೆಂದು ತಿಳಿಯಲು ಅಡುಗೆಮನೆಯಲ್ಲಿ ನಿಂತಿರಬೇಕಾಗಿಲ್ಲ ಎಂದು ಮಿಸ್ತ್ರಿಗಳು ಸೇರಿಸಿದರು.

ಗೌಡರು ಸುಲಭವಾಗಿ ಸೋಲುವವರಲ್ಲ. ಅಸಲಿ ಕಲ್ಲು ಗಾಜನ್ನು ಗೀರುತ್ತದೆ ಎಂದು ಮಾರಿದವನು ಹೇಳಿದ್ದಾನೆ ಎನ್ನುತ್ತ, ನಾವು ತಡೆಯುವ ಮೊದಲೇ ಶೋಕೇಸಿನ ಮೇಲೆ ಗೇಣುದ್ದದ ಗೀರು ಎಳೆದು ವಿಜಯದ ನಗೆ ಬೀರಿದರು. ಪತ್ತಾರರ ಮುಖವನ್ನು ನಾನು ವರ್ಣಿಸುವುದಿಲ್ಲ. ಮೋಸ್ ಮಾನದಲ್ಲಿ ಬೆಣಚಿನ ಗಡಸುತನ 7, ಸಾಧಾರಣ ಗಾಜಿನದು ಐದೂವರೆಯ ಆಸುಪಾಸು. ಆದ್ದರಿಂದ ಹುರಿದ ಬೆಣಚೂ ಗೀರುತ್ತದೆ, ಹುರಿಯದ್ದೂ ಗೀರುತ್ತದೆ, ಹೊಲದ ಬದುವಿನದೂ ಗೀರುತ್ತದೆ ಎಂದು ಮಾಸ್ತರರು ವಿವರಿಸುವ ಹೊತ್ತಿಗೆ ನಷ್ಟ ಆಗಿಹೋಗಿತ್ತು. ಈ ಪರೀಕ್ಷೆಯಿಂದ ಕಲ್ಲು ಗಾಜಿನದಲ್ಲವೆಂದು ತಿಳಿಯುತ್ತದೆಯೇ ಹೊರತು ಅದರ ಪೂರ್ವಾಶ್ರಮ ತಿಳಿಯುವುದಿಲ್ಲ. ಗಾಜಿನ ನಕಲಿಯನ್ನು ಹಿಡಿಯಬೇಕಾದರೆ ಭೂತಗನ್ನಡಿಯಲ್ಲಿ ಗುಂಡನೆಯ ಗಾಳಿಗುಳ್ಳೆಗಳನ್ನು ಹುಡುಕಿದರೆ ಸಾಕಿತ್ತು. ಅದಕ್ಕೆ ಶೋಕೇಸಿನ ಬಲಿ ಬೇಕಿರಲಿಲ್ಲ.

"ಇದೇ ಪುಷ್ಯರಾಗವಾಗಿರಬಹುದಲ್ಲ?" ಎಂದು ಗೌಡರು ಕೊನೆಯ ಬಾಣ ಬಿಟ್ಟರು. ಅದಕ್ಕೆ ಉತ್ತರ ತಕ್ಕಡಿಯಲ್ಲಿತ್ತು. ಗಂಟಿನಲ್ಲಿ ಉದುರಿ ಬಿದ್ದಿದ್ದ ಒಂದು ಹಲ್ಲನ್ನು ಪತ್ತಾರರು ಚಿನ್ನ ತೂಗುವ ಯಂತ್ರದಲ್ಲಿಟ್ಟರೆ 5.3 ಗ್ರಾಂ ತೋರಿಸಿತು. ಬಳಿಕ ಯಂತ್ರದ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಹರಳನ್ನು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಗಲದಂತೆ ನೀರಿನಲ್ಲಿ ತೂಗಬಿಟ್ಟಾಗ 2.0 ಗ್ರಾಂ ಬಂತು; ಅದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 2.65, ಅದು ಬೆಣಚಿನ ಸಾಂದ್ರತೆ. ಟೋಪಾಜ್ ಎಂಬ ಬೇರೆ ಕಲ್ಲಾಗಿದ್ದರೆ ಮೂರೂವರೆಯ ಸಮೀಪ, ಪುಷ್ಯರಾಗವಾಗಿದ್ದರೆ ನಾಲ್ಕರ ಸಮೀಪ ಬರಬೇಕಿತ್ತು. ದಾರದ ತುದಿಯಲ್ಲಿ ತೂಗಾಡುತ್ತಿದ್ದ ಆ ಹರಳನ್ನು ಗೌಡರು, ಪರೀಕ್ಷೆಯ ಫಲಿತಾಂಶದ ಹಾಳೆಯಲ್ಲಿ ಮಗನ ನಂಬರು ಹುಡುಕುವ ತಂದೆಯಂತೆ ನೋಡುತ್ತಿದ್ದರು.

ಕಾಯಿಸುವುದು ಅಪರಾಧವೇನಲ್ಲ, ವ್ಯಾಪಾರದಲ್ಲಿ ಅದನ್ನು ಎಲ್ಲರೂ ಒಪ್ಪುತ್ತಾರೆ, ಕಾಯಿಸಿದ್ದೂ ಸಿಟ್ರಿನ್ನೇ, ಆದರೆ ಕಾಯಿಸಿದ್ದನ್ನು ಹೇಳದೆ ಮಾರುವುದೇ ತಪ್ಪು ಎಂದು ಪತ್ತಾರರು ಸಮಾಧಾನ ಹೇಳಿದರು. ಶೋಕೇಸಿನ ಗೀರನ್ನು ಸವರುತ್ತಲೇ ಹೇಳಿದರೆಂಬುದು ಅವರ ದೊಡ್ಡಗುಣ.

"ಹಾಗಾದರೆ ಹುರಿಯದ ಸಿಟ್ರಿನ್ ಹೇಗಿರುತ್ತದೆ? ಅದನ್ನಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ," ಎಂದರು ಗೌಡರು.

ಮಿಸ್ತ್ರಿಗಳು ನಿಧಾನವಾಗಿ ಹೇಳಿದರು. ಸಿಟ್ರಿನ್ ಎಂಬ ಹೆಸರೇ ನಿಂಬೆಯ ಫ್ರೆಂಚ್ ಹೆಸರಿನಿಂದ ಬಂದದ್ದು. ನಿಂಬೆಯ ಹೆಸರಿಟ್ಟುಕೊಂಡ ಕಲ್ಲು ಮಿರ್ಚಿಯ ಬಣ್ಣದಲ್ಲಿದ್ದಾಗಲೇ ಅನುಮಾನ ಬರಬೇಕು. ಕಾಂಗೋ, ಜಾಂಬಿಯಾ, ಮಡಗಾಸ್ಕರ್ ಕಡೆಗಳಲ್ಲಿ ಸಿಗುವ ಸಹಜ ಸಿಟ್ರಿನ್ ಸಾಮಾನ್ಯವಾಗಿ ಗಾಣದಿಂದ ಆಗತಾನೆ ಇಳಿದ ಕುಸುಬಿ ಎಣ್ಣೆಯಂತೆ ತಿಳಿಹಳದಿ, ಅಥವಾ ಒಳಗೆ ಹೊಗೆ ಸುಳಿದ ಜೇನಿನ ಬಣ್ಣ. ಅದರಲ್ಲಿ ಕೆಂಪು ಛಾಯೆ ಕಾಣುವುದು ತೀರಾ ವಿರಳ. ಬಣ್ಣ ತುದಿಯಲ್ಲಿ ಗುಂಪುಗೂಡದೆ ಮೈಯೆಲ್ಲ ಹರಡಿರುತ್ತದೆ. ಹರಳು ಹೆಚ್ಚಾಗಿ ಒಂಟಿಯಾಗಿ, ಉದ್ದನೆಯ ಆರು ಮುಖದ ಕಂಬವಾಗಿ ಬೆಳೆದಿರುತ್ತದೆ. ಆ ಮುಖಗಳ ಮೇಲೆ ಉಗುರಿನಿಂದ ಬುಡದಿಂದ ತುದಿಗೆ ಗೀರಿದರೆ ಅಡ್ಡಡ್ಡವಾದ ಸಣ್ಣ ಗೆರೆಗಳು ಏಣಿಯ ಮೆಟ್ಟಿಲಿನಂತೆ ತಡೆಯುತ್ತವೆ. ನುಣ್ಣಗೆ ಉಜ್ಜಿ ಪೆನ್ಸಿಲಿನಂತೆ ಮೊನೆ ಮಾಡಿದ ಹರಳಾದರೆ ಈ ಗೆರೆಗಳು ಅಳಿಸಿಹೋಗಿರುತ್ತವೆ. ಬಣ್ಣವಿಲ್ಲದ ಸ್ಫಟಿಕಕ್ಕೆ ವಿಕಿರಣ ಹಾಯಿಸಿ, ಕಾಯಿಸಿ ನಿಂಬೆ ಬಣ್ಣ ತರಿಸುವ ಚತುರರೂ ಇರುವುದರಿಂದ ತಿಳಿಹಳದಿ ಎಂದ ಮಾತ್ರಕ್ಕೆ ಮರುಳಾಗಬಾರದು. ಬೆಲೆ ದೊಡ್ಡದಾದರೆ ಪ್ರಯೋಗಾಲಯಕ್ಕೇ ಕಳಿಸಬೇಕು.

ಇಷ್ಟು ಹೇಳುವಷ್ಟರಲ್ಲಿ ಗೌಡರ ಮುಖದಲ್ಲಿ ಏನೋ ಬದಲಾವಣೆ ಕಂಡಿತು.

"ಮಿಸ್ತ್ರಿಗಳೇ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಆರು ಮೂಲೆ, ಕೊಳೆ ನೀರು ತುಂಬಿದ ಸೀಸೆಯ ಹಾಗೆ ಮಬ್ಬು ಹಳದಿ ಬಣ್ಣ, ಮೈಮೇಲೆ ಗರಗಸದ ಹಲ್ಲಿನಂತೆ ತರಚುವ ಗೆರೆಗಳು..."

"ಎಲ್ಲಿ ನೋಡಿದಿರಿ?" ಎನ್ನುತ್ತ ಮಿಸ್ತ್ರಿಗಳು ಎದ್ದು ನಿಂತರು.

"ಕೊಸರಿಗೆ ಕೊಟ್ಟನಲ್ಲ, ಅದು."

ಕಣ್ಣಿಂದ ನೋಡದೆ ಏನನ್ನೂ ಹೇಳಲಾರೆ ಎಂದು ಮಿಸ್ತ್ರಿಗಳು ಹೇಳಿದರಾದರೂ ಅವರ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಗೌಡರು ನಡುಗುವ ಬೆರಳುಗಳಿಂದ ಮನೆಗೆ ಫೋನು ಹಚ್ಚಿ, ನಮಗೂ ಕೇಳಿಸಲೆಂದು ಸ್ಪೀಕರ್ ಒತ್ತಿದರು.

"ಅವತ್ತು ಜಾತ್ರೆಯಿಂದ ತಂದ ಸಣ್ಣ ಕಲ್ಲು ಎಲ್ಲಿದೆ?"

"ತಿಜೂರಿ ಅಲುಗಾಡುತ್ತಿತ್ತು, ಅದರ ಕಾಲಿನ ಕೆಳಗೆ ಕೊಟ್ಟಿದ್ದೇನೆ," ಎಂದರು ಗೌಡತಿ. "ಆರು ಮೂಲೆಯದಾದ್ದರಿಂದ ಉರುಳದೆ ಗಟ್ಟಿಯಾಗಿ ಕುಳಿತಿದೆ."

"ಅದನ್ನು ಈಗಲೇ ತೆಗೆದಿಡು!"

"ತೆಗೆದರೆ ತಿಜೂರಿಯ ಬಾಗಿಲು ಮುಚ್ಚುವುದಿಲ್ಲ. ಬೇಕೇ ಬೇಕೆಂದರೆ, ನಾಲ್ಕೂವರೆ ಸಾವಿರದ ಆ ಕಲ್ಲನ್ನು ಮರಳಿ ತನ್ನಿ; ಇದರ ಜಾಗದಲ್ಲಿ ಕೂರುತ್ತದೋ ನೋಡೋಣ."