ಲಂಡನ್ನಿನ ಹಳೇ ಪಬ್ಬಿನ ಚರಿತ್ರೆ ಹುಡುಕುವುದು ಹೇಗೆ? ತಿಳಿದವರು ಹೇಳಿ

ಪ್ರಶ್ನೆ: ಲಂಡನ್ನಿನ ಒಂದು ಪಬ್ಬಿನ ಬೋರ್ಡಿನಲ್ಲಿ ಹದಿನಾರನೇ ಶತಮಾನದ ಇಸವಿ ಬರೆದಿದೆ. ಅದು ನಿಜವೇ ಎಂದು ನೋಡಿ, ಚರಿತ್ರೆ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

— ಬೋರ್ಡಿನ ಇಸವಿಯನ್ನು ಸದ್ಯಕ್ಕೆ ಮರೆತುಬಿಡಿ. ಕಟ್ಟಡ, ಲೈಸೆನ್ಸು, ಹೆಸರು ಮೂರಕ್ಕೂ ವಯಸ್ಸು ಬೇರೆ ಬೇರೆ. ಲಂಡನ್ನಿನ ಸದರ್ಕ್ ಭಾಗದ ಜಾರ್ಜ್ ಇನ್ ಎಂಬ ಹಳೇ ಪಬ್ಬನ್ನೇ ನೋಡಿ: ಹೆಸರು ಹದಿನಾರನೇ ಶತಮಾನದ್ದು, ಕಟ್ಟಡ 1676ರ ಬೆಂಕಿಯ ನಂತರ ಕಟ್ಟಿದ್ದು. ಅದರಲ್ಲೂ ಹೆಚ್ಚಿನ ಭಾಗವನ್ನು 1889ರಲ್ಲಿ ರೈಲ್ವೆಯವರು ಕೆಡವಿದರು, ಈಗ ಉಳಿದಿರುವುದು ದಕ್ಷಿಣದ ಸಾಲು ಮಾತ್ರ. ಹೆಸರಿನ ಮುಂದಿನ ‘ಯೀ ಓಲ್ಡ್’ (‘ಹಳೆಯ’ ಎಂಬುದರ ಹಳೇ ಧಾಟಿ) ನೋಡಿಯಂತೂ ಮರುಳಾಗಬೇಡಿ. ಅದು ಹೆಚ್ಚಾಗಿ ವಿಕ್ಟೋರಿಯಾ ಕಾಲದವರು ಅಂಟಿಸಿದ ಬಾಲ.

— ಇಂದಿನಿಂದ ಹಿಂದಕ್ಕೆ ನಡೆಯಿರಿ, ಬೋರ್ಡಿನ ಇಸವಿಯಿಂದ ಮುಂದಕ್ಕಲ್ಲ. ಕೆಲ್ಲಿಯವರ ಪೋಸ್ಟ್ ಆಫೀಸ್ ಡೈರೆಕ್ಟರಿಗಳನ್ನು (ವ್ಯಾಪಾರಿಗಳ ಹೆಸರು, ವಿಳಾಸದ ಹಳೇ ಪುಸ್ತಕಗಳು) ಐದೈದು ವರ್ಷಕ್ಕೊಂದರಂತೆ ತೆಗೆದು ಮಾಲೀಕರ ಪಟ್ಟಿ ಮಾಡಿ. ಇಲ್ಲಿ ಎಲ್ಲರೂ ಎಡವುವುದು ಮನೆ ನಂಬರಿನಲ್ಲಿ. 1850ರ ದಶಕದ ನಂತರ ಬೀದಿಗಳ ಹೆಸರನ್ನೂ ನಂಬರನ್ನೂ ಸಾರಾಸಗಟು ಬದಲಿಸಿದರು. ಹಾಗಾಗಿ 14ನೇ ನಂಬರ್ 31 ಆಗಿದ್ದರೆ ಪಬ್ಬು ಸ್ಥಳ ಬದಲಿಸಿತು ಎಂದುಕೊಳ್ಳಬೇಡಿ. ಅಕ್ಕಪಕ್ಕದ ಅಂಗಡಿಗಳ ಹೆಸರು, ಯಾವ ಅಡ್ಡಬೀದಿಗಳ ನಡುವೆ ಬರುತ್ತದೆ ಎರಡನ್ನೂ ಬರೆದುಕೊಳ್ಳಿ. ಅವು ಹಾಗೇ ಇದ್ದರೆ ಜಾಗ ಅದೇ.

— ಲೈಸೆನ್ಸಿನ ದಾಖಲೆಗೆ ಲಂಡನ್ ಆರ್ಕೈವ್ಸ್ ಎಂಬ ದಾಖಲೆ ಭಂಡಾರಕ್ಕೆ ಹೋಗಿ. 1753ರಿಂದ 1828ರವರೆಗೆ ಪಬ್ಬಿನವರು ವರ್ಷವರ್ಷ ಬರೆದುಕೊಟ್ಟ ಮುಚ್ಚಳಿಕೆಗಳ ರಿಜಿಸ್ಟರ್ ಇಡಬೇಕೆಂಬ ಕಾನೂನಿತ್ತು. ಅದರಲ್ಲಿ ಆಸಾಮಿಯ ಹೆಸರು, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಇರುತ್ತದೆ, ಪಬ್ಬಿನ ಹೆಸರು ಎಷ್ಟೋ ಸಲ ಇರುವುದಿಲ್ಲ. ಆದ್ದರಿಂದಲೇ ಮೇಲಿನವರು ಹೇಳಿದ ಮಾಲೀಕರ ಪಟ್ಟಿ ಕೈಯಲ್ಲಿಲ್ಲದೆ ಇತ್ತ ಬರಬೇಡಿ. 1828ರಿಂದ 1872ರ ನಡುವೆ ದಾಖಲೆ ಬಲು ತೆಳು, ಅಲ್ಲಿ ಡೈರೆಕ್ಟರಿಯೇ ಗತಿ. ಥೇಮ್ಸ್‌ನ ದಕ್ಷಿಣ ದಡದ ಪಬ್ಬಾದರೆ 1889ಕ್ಕೆ ಮುಂಚಿನದನ್ನು ಸರ್ರೆ ಅಥವಾ ಕೆಂಟ್ ಕೌಂಟಿಯ ಕಾಗದಗಳಲ್ಲಿ ಹುಡುಕಬೇಕು.

— ಒಂದು ಸೇರ್ಪಡೆ. 1830ರ ಕಾಯ್ದೆ ಬಂದ ಮೇಲೆ ತೆರಿಗೆ ಕಟ್ಟುವ ಯಾವ ಮನೆಯವನಾದರೂ 2 ಗಿನಿ (ಆಗಿನ ಹಣದ ಲೆಕ್ಕ) ಕೊಟ್ಟು ಬಿಯರ್ ಮಾರಬಹುದಿತ್ತು, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿರಲಿಲ್ಲ. 1869ರಲ್ಲಿ ಮತ್ತೆ ಅವರ ಕೈಗೆ ಹೋಯಿತು. ಈ ಅವಧಿಯಲ್ಲಿ ಹುಟ್ಟಿದ ಬಿಯರ್ ಮನೆಗಳು ಡೈರೆಕ್ಟರಿಯಲ್ಲಿ ಬರೀ ‘ಬಿಯರ್ ರಿಟೇಲರ್’ ಎಂದಿರುತ್ತವೆ. ಪಬ್ಬಿನ ಹೆಸರಲ್ಲೇ ಹುಡುಕುವವರಿಗೆ ಇವು ಸಿಗುವುದೇ ಇಲ್ಲ.

— ಹದಿನೆಂಟನೇ ಶತಮಾನಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ರಸವತ್ತಾದದ್ದು ಸನ್ ಫೈರ್ ಆಫೀಸ್ ಎಂಬ ಬೆಂಕಿ ವಿಮೆ ಕಂಪನಿಯ ಪುಸ್ತಕಗಳು. 1710ರಿಂದ ಇವೆ. ಮಾಲೀಕ ಯಾರು, ಬೋರ್ಡಿನ ಗುರುತು ಏನು, ಕಟ್ಟಡ ಇಟ್ಟಿಗೆಯದೋ ಮರದ್ದೋ, ಮದ್ಯದ ದಾಸ್ತಾನಿಗೆ ಎಷ್ಟು ಪೌಂಡ್ ವಿಮೆ, ಎಲ್ಲ ಒಂದೇ ಪ್ಯಾರಾದಲ್ಲಿ. ಹಿಂದಿನ ವಿಮೆಯಲ್ಲಿ ಮರ, ಮುಂದಿನದರಲ್ಲಿ ಇಟ್ಟಿಗೆ ಎಂದಿದ್ದರೆ ನಡುವೆ ಮರುನಿರ್ಮಾಣ ಆಗಿರುವ ಸಂಭವ ಹೆಚ್ಚು. ಬೆಂಕಿ ವಿಮೆಯವರಿಗಾಗಿ 1886ರಿಂದ ಬಂದ ಗೋಡ್ ನಕ್ಷೆಗಳಲ್ಲೂ ಇದೇ ಲೆಕ್ಕ: ಗುಲಾಬಿ ಬಣ್ಣ ಇಟ್ಟಿಗೆ, ಹಳದಿ ಮರ.

— ಜನಗಣತಿಯಿಂದ ಮಾಲೀಕನ ಸಂಸಾರ, ಕೆಲಸದಾಳುಗಳೆಲ್ಲ ಸಿಗುತ್ತಾರೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಮಗ್ಗಿಗೆ ಇಳಿಸಿ ಬರೆದಿದ್ದಾರೆ, 38 ಇದ್ದವನು 35 ಆಗಿರುತ್ತಾನೆ. 1931ರದ್ದು ಬೆಂಕಿಗೆ ಆಹುತಿ, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಕಾಲಕ್ಕೆ ಯುದ್ಧದ ಶುರುವಿನಲ್ಲಿ ಮನೆಮನೆಯವರ ಹೆಸರು ಬರೆದುಕೊಂಡ 1939ರ ರಿಜಿಸ್ಟರ್ ನೋಡಿ. ಇನ್ನು 1752ಕ್ಕೆ ಮುಂಚಿನ ಕಾಗದ ಸಿಕ್ಕರೆ ತಿಂಗಳು ಗಮನಿಸಿ. ಆಗ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1720 ಎಂದು ಬರೆದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1721.