ಟ್ಯೂಬ್ ಪ್ರೀಆಂಪ್: 6ಎಸ್‌ಎನ್7, 6922, 6ಎಚ್30 – ಯಾವುದು?

ಪ್ರಶ್ನೆ: ಪವರ್ ಆಂಪ್‌ಗೆ (ಸ್ಪೀಕರ್ ನಡೆಸುವುದು) ಮುಂಚೆ ಇಡಲು ಟ್ಯೂಬ್ ಪ್ರೀಆಂಪ್ ಬೇಕು, ಈ ಮೂರು ಟ್ಯೂಬ್ ಮಾದರಿಗಳಲ್ಲಿ ಯಾವುದರದ್ದು ಒಳ್ಳೆಯದು? ಪವರ್ ಆಂಪ್ ಟ್ರಾನ್ಸಿಸ್ಟರಿನದು, ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) 10 ಕಿಲೋಓಮ್. ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) 2 ವೋಲ್ಟ್ ಕೊಡುತ್ತದೆ. ಕೇಳುವುದು ಹೆಚ್ಚಾಗಿ ರಾತ್ರಿ, ಸಣ್ಣ ಸದ್ದಿನಲ್ಲಿ. ಬಳಸಿದವರು ಹೇಳಿ.

ಉತ್ತರ 1: 6ಎಸ್‌ಎನ್7, ಅದೂ 4:1 ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದು. ನನ್ನ ಆಯ್ಕೆ ಅದೇ, ಬದಲಿಸುವ ಮಾತೇ ಇಲ್ಲ. 2 ವೋಲ್ಟ್ ಬರುವಾಗ ಹೆಚ್ಚು ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಬೇಡ. ಇದರಲ್ಲಿ ಗೇನ್ 12 ಡೆಸಿಬೆಲ್ ಇಳಿಯುತ್ತದೆ, ಟ್ಯೂಬಿನ 7.7 ಕಿಲೋಓಮ್ ಒಳರೋಧ 16ರಿಂದ (4ರ ವರ್ಗ) ಭಾಗವಾಗಿ 480 ಓಮ್ ಆಸುಪಾಸಿಗೆ ಬರುತ್ತದೆ. ಪ್ರಾಣ ತಿನ್ನುವುದು ಹಮ್. ಮೇನ್ಸ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದರೆ ಗುಂಯ್‌ಗುಡುತ್ತಲೇ ಇರುತ್ತದೆ. 90 ಡಿಗ್ರಿ ತಿರುಗಿಸಿದರೆ ತಗ್ಗುತ್ತದೆ. ಪವರ್ ಸಪ್ಲೈ ಬೇರೆ ಡಬ್ಬಿಗೆ ಹೋದರೇ ನೆಮ್ಮದಿ.

ಉತ್ತರ 2: ಗೇನ್ ಕಳೆಯಲು ಅಷ್ಟು ದುಬಾರಿ ಕಬ್ಬಿಣ (ಟ್ರಾನ್ಸ್‌ಫಾರ್ಮರ್) ಯಾಕೆ ಸ್ವಾಮಿ? ಇನ್‌ಪುಟ್‌ನಲ್ಲಿ 30 ಕಿಲೋಓಮ್ ಸೀರೀಸ್, 10 ಕಿಲೋಓಮ್ ಗ್ರೌಂಡಿಗೆ. ಅದೇ 12 ಡೆಸಿಬೆಲ್, ಎರಡು ರೆಸಿಸ್ಟರ್‌ನಲ್ಲಿ! 6922 ಕ್ಯಾಥೋಡ್ ಫಾಲೋವರ್‌ಗೆ (ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರುವ ಟ್ಯೂಬ್ ಜೋಡಣೆ) 10 ಕಿಲೋಓಮ್ ಲೋಡ್ ಭಾರವೇ ಅಲ್ಲ. ನೋಡಬೇಕಾದದ್ದು ಔಟ್‌ಪುಟ್ ಕೆಪಾಸಿಟರ್. 0.47 ಮೈಕ್ರೋಫ್ಯಾರಡ್ ಇದ್ದರೆ 34 ಹರ್ಟ್ಸ್‌ಗೇ 3 ಡೆಸಿಬೆಲ್ ಬಿದ್ದಿರುತ್ತದೆ, 4.7 ಹಾಕಿದರೆ 3.4 ಹರ್ಟ್ಸ್. ಬಾಸ್ ತೆಳು ಎಂದು ಜನ ಸುಮ್ಮನೆ ಟ್ಯೂಬ್ ಬದಲಿಸುತ್ತ ಹಣ ಸುಡುತ್ತಾರೆ. ಕೆಪಾಸಿಟರ್ ದೊಡ್ಡದಾದರೆ ಆನ್ ಮಾಡಿದಾಗ ಧಡ್ ಎನ್ನುತ್ತದೆ, 45 ಸೆಕೆಂಡಿನ ಮ್ಯೂಟ್ ರಿಲೇ ಬೇಕೇ ಬೇಕು.

ಉತ್ತರ 1: ಎರಡು ರೆಸಿಸ್ಟರ್ ಸಿಗ್ನಲ್ ಮಾತ್ರ ಇಳಿಸುತ್ತವೆ, ಟ್ಯೂಬಿನ ಹಿಸ್ (ಸುಯ್ ಎನ್ನುವ ಸದ್ದು) ಹಾಗೇ ಸ್ಪೀಕರಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಿಸ್ಸನ್ನೂ 12 ಡೆಸಿಬೆಲ್ ಇಳಿಸುತ್ತದೆ. ರಾತ್ರಿ ಕೇಳುವವರಿಗೆ ಇದೇ ಮುಖ್ಯ. ಲೆಕ್ಕ ಪೂರ್ತಿ ಹಾಕಿ ಮಾತಾಡಿ.

ಉತ್ತರ 3: ಇಬ್ಬರೂ 6ಎಚ್30 ಮರೆತಿರಿ. ಒಂದರ ಹೀಟರ್‌ಗೇ (ಟ್ಯೂಬನ್ನು ಬಿಸಿ ಮಾಡುವ ತಂತಿ) 825 ಮಿಲಿಆಂಪ್ ಬೇಕು, 6922ಕ್ಕೆ 300 ಸಾಕು. ಹಾಗಾಗಿ 6922ರ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬೇಡಿ, ಹೀಟರ್ ರೆಗ್ಯುಲೇಟರ್ ಬೆಂದುಹೋಗುತ್ತದೆ. ಅಲ್ಲಿ 12ಎಯು7 ಎಂಬ ಇನ್ನೊಂದು ಟ್ಯೂಬ್ ಹಾಕಿ ನೋಡಬಹುದು.

ಉತ್ತರ 2: ದಯವಿಟ್ಟು ಆ ಕೊನೆಯ ಸಾಲು ಅಳಿಸಿ! 6922ರ 9ನೇ ಪಿನ್ ಒಳಗಿನ ಶೀಲ್ಡ್, ಸಾಮಾನ್ಯವಾಗಿ ಗ್ರೌಂಡಿಗೆ ಕೊಟ್ಟಿರುತ್ತಾರೆ. 12ಎಯು7ರಲ್ಲಿ ಅದೇ ಪಿನ್ ಹೀಟರಿನ ನಡುಬಿಂದು. 4–5ನೇ ಪಿನ್‌ಗಳ ನಡುವೆ 6.3 ವೋಲ್ಟ್ ಸಿಕ್ಕರೆ ಅದು ಅರೆಬರೆ ಬಿಸಿಯಾಗುತ್ತದೆ. 5ನೇ ಪಿನ್ನೂ ಗ್ರೌಂಡಿನಲ್ಲಿದ್ದರೆ ಅರ್ಧ ಹೀಟರ್ ಶಾರ್ಟ್, ಉಳಿದರ್ಧವೇ ಉರಿಯುತ್ತದೆ.

ಉತ್ತರ 3: ಒಪ್ಪಿದೆ, 12ಎಯು7ರ ಸಾಲು ಹಿಂತೆಗೆದುಕೊಂಡೆ. ಆದರೆ 4.7 ಹಾಕಿ ಎಂದವರು ಎಚ್‌ಟಿ (ಟ್ಯೂಬಿನ ಹೈ ವೋಲ್ಟೇಜ್ ಸಪ್ಲೈ) ಡಿಸ್ಚಾರ್ಜ್ ಮಾಡಿ ಎಂದು ಯಾಕೆ ಬರೆಯಲಿಲ್ಲ? ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ನಿಂತಿರಬಹುದು. 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಲ್ಲಿ ಎಚ್‌ಟಿ ಕೆಪಾಸಿಟರಿನ ಎರಡೂ ತುದಿಗೆ ಹತ್ತು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ.